ಕದ್ದು ತಂದ ಕಡ್ಡಿ

ಎಲೆಯ ರಸ ಹೀರಿದ ಪರೀಕ್ಷಾ ಪಟ್ಟಿಯಲ್ಲಿ ಎರಡನೇ ಗೆರೆ ಕೆಂಪಗೆ ಮೂಡಿತು. "ವೈರಸ್ ಐತಿ," ಎಂದಳು ಕಾರ್ನೇಷನ್ ಹೂವಿನ ಪಾಲಿಹೌಸಿನ ಒಡತಿ ಮಾಲಾ. "ಅಷ್ಟೂ ಗಿಡ ಕಿತ್ತು ಸುಡಬೇಕು. ಎಲ್ಲಿಂದ ಬಂತೋ ಏನೋ!"

ಎಲ್ಲಿಂದ ಬಂತೆಂದು, ತುದಿಯ ಹೂ ದೊಡ್ಡದಾಗಲು ಪಕ್ಕದ ಮೊಗ್ಗು ಚಿವುಟುವ ಕೂಲಿ ನಾಗಕ್ಕನಿಗೆ ಗೊತ್ತಿತ್ತು. ಮೂಲೆಯಲ್ಲಿ ಬಿಳಿ ಗೀರಿನ ಕೆಂಪು ಹೂ ಬಿಟ್ಟು ನಿಂತ ಗಿಡ ಇಲ್ಲಿಯದಲ್ಲ. ಕೊಟ್ಟೂರಿನ ತೋಟಕ್ಕೆ ಕೂಲಿಗೆ ಹೋದಾಗ ಅದರ ಅಂದಕ್ಕೆ ಮರುಳಾಗಿ, ಕದ್ದು ತಂದ ಕಡ್ಡಿ ಬೇಗ ಚಿಗುರುತ್ತದೆಂಬ ಅವ್ವನ ಮಾತು ನಂಬಿ, ಒಂದು ಕಡ್ಡಿ ಮುರಿದು ಸೆರಗಿನಲ್ಲಿ ಸುತ್ತಿ ತಂದು ನೆಟ್ಟಿದ್ದಳು. ಚಿಗುರಿತು ಕೂಡ. ದಿನಾ ಮೊದಲು ಅದರ ಮೊಗ್ಗು ಚಿವುಟಿ, ಅದೇ ಬೆರಳಲ್ಲಿ ಉಳಿದ ಸಾಲುಗಳಿಗೆ ಹೋಗುತ್ತಿದ್ದಳು. ಸಾಲಿಗೊಮ್ಮೆ ಕೈ ತೊಳೆಯಲೆಂದು ಮಾಲಾ ಇಟ್ಟ ಸೋಪಿನ ನೀರು ಸಂಜೆಯವರೆಗೂ ತಿಳಿಯಾಗಿಯೇ ಉಳಿಯುತ್ತಿತ್ತು.

ಮಾಲಾ ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ಹೊಸ ಸಸಿ ನೀನೇ ಹಚ್ಚಬೇಕು ನಾಗಕ್ಕಾ. ನಿನ್ನ ಕೈಗುಣ ಭಾಳ ಚಲೋ ಐತಿ," ಎನ್ನುತ್ತ ಅವಳ ಕೈ ಹಿಡಿಯಹೋದಳು.

ನಾಗಕ್ಕ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಳು.

"ಮುಟ್ಟಬ್ಯಾಡವ್ವಾ. ರೋಗ ತಂದದ್ದು ಇದೇ ಕೈ."