ಮಂಕಾದ ಮಿದುಳು

"ಇದರಲ್ಲಿ ಪಾಸಾದ್ರೆ ಮನೆಗೆ ಕಳಿಸ್ತೀರಲ್ಲ ಸಾರ್?" ಎಂದು ಕೇಳಿಯೇ ನಾಗಭೂಷಣ ಸ್ಕ್ಯಾನರಿನ ಕೊಳವೆಯೊಳಗೆ ಮಲಗಿದ್ದ. ಇಲ್ಲದ ದನಿಗಳು ಕೇಳಿಸುವ ಸ್ಕಿಜೋಫ್ರೀನಿಯಾ ಕಾಯಿಲೆಯ ಮೇಲೆ ಡಾಕ್ಟರು ಬರೆಯುತ್ತಿದ್ದ ಪ್ರಬಂಧಕ್ಕೆ ಇನ್ನು ಇವನ ಮಿದುಳೊಂದೇ ಬಾಕಿ. ಅವರು ಗಾಜಿನ ಕೋಣೆಯಲ್ಲಿ ಕೂತು ಮೈಕು ಹಿಡಿದರು.

"ನಾಗಭೂಷಣ, ಕೈಲಿರೋ ಬಟನ್ ಒತ್ತಪ್ಪ."

ಅವನು ಒತ್ತಲಿಲ್ಲ. ಡಾಕ್ಟರು ಗದರಿದರು, ಆಮೇಲೆ ಗೋಗರೆದರು. ಅವನು ಮಿಸುಕಲಿಲ್ಲ.

"ನೋಡಮ್ಮ, ಮಾತು ತಲೆಗೇ ಹೋಗ್ತಿಲ್ಲ, ಮಿದುಳು ಪೂರ್ತಿ ಮಂಕು," ಎಂದು ಸಹಾಯಕಿಗೆ ತೋರಿಸುತ್ತ ಡಾಕ್ಟರು ಹಿಗ್ಗಿದರು. "ನಾನು ಬರೆದಿರೋದೂ ಇದನ್ನೇ. ಇವನು ಇನ್ನಷ್ಟು ದಿನ ಇಲ್ಲೇ ಇರಲಿ."

ಹೊರಗೆ ಬಂದ ನಾಗಭೂಷಣ ಅವರ ಕೈ ಹಿಡಿದುಕೊಂಡ.

"ಆಳು ಕಾಣದ ದನಿಗೆ ಓಗೊಡಬೇಡ ಅಂದಿದ್ರಲ್ಲ ಸಾರ್. ಇವತ್ತು ನಿಮ್ಮ ದನೀಲೇ ಕರೀತು, ಆದ್ರೂ ನಾನು ಜಗ್ಗಲಿಲ್ಲ."