ಮಧ್ಯಾಹ್ನ ಮೂರರ ಪಿಯಾನೊ

ಪಂಪ್‌ವೆಲ್‌ನಲ್ಲಿ ಬಸ್ಸಿಳಿದು ಓಣಿಗೆ ತಿರುಗುವಾಗಲೇ ಕಮಲೇಶನಿಗೆ ತನ್ನ ಮನೆಯ ಪಿಯಾನೊ ಕೇಳಿಸಿತು. ಗಂಟೆ ಮೂರು. ಬೈಕಂಪಾಡಿಯ ವರ್ಕ್‌ಶಾಪಿನಲ್ಲಿ ಕರೆಂಟು ಹೋಗಿ, ವೆಲ್ಡಿಂಗ್ ನಿಂತು, ಎಲ್ಲರನ್ನೂ ಬೇಗ ಬಿಟ್ಟಿದ್ದರು. ಆದರೆ ಸ್ಪೀಕರಿನಲ್ಲಿ ಪಿಯಾನೊ ಹಾಕುವುದು ಸಂಜೆ ಏಳಕ್ಕೆ, ಅದೂ ಹತ್ತೇ ನಿಮಿಷ. ಐದು ವರ್ಷದ ಮಗಳು ಯಶ್ಮಿತಾಳ ಫಿಟ್ಸಿಗೆ ಡಾಕ್ಟರು ಹೇಳಿದ್ದು ಅದು: ಮಾತ್ರೆ ತಪ್ಪಿಸಬಾರದು, ಜೊತೆಗೆ ದಿನಾ ಈ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಿಸಿ ನೋಡಿ, ಕೆಲವು ಮಕ್ಕಳಿಗೆ ಗುಣ ಕಂಡಿದೆ.

ಗುಣ ಕಂಡಿತ್ತು. ಫಿಟ್ಸ್ ಬಂದ ದಿನವನ್ನು ಪುಸ್ತಕದಲ್ಲಿ ಗುರುತು ಮಾಡಲು ಹೇಳಿದ್ದರು. ಕಮಲೇಶನೂ ಹೆಂಡತಿ ರೀಮಾಳೂ ಹಗಲಿಡೀ ಕೆಲಸದಲ್ಲಿ. ಶಾಲೆಯಿಂದ ಹನ್ನೆರಡೂವರೆಗೆ ಬರುವ ಮಗುವನ್ನು ನೋಡಿಕೊಳ್ಳುವ ಅವನ ಅಮ್ಮ ಕುಮುದಿನಿಯ ಕೈಯಲ್ಲೇ ಪುಸ್ತಕವೂ ಇತ್ತು. ಆರು ತಿಂಗಳಿಂದ ಒಂದೂ ಗುರುತಿಲ್ಲ. ಮಾತ್ರೆಗೆ ಮಗು ದಿನವಿಡೀ ತೂಕಡಿಸುತ್ತಿತ್ತು. ಖಾಲಿ ಹಾಳೆಗಳನ್ನು ತಿರುವಿ ನೋಡಿ ಡಾಕ್ಟರು ಹೋದ ತಿಂಗಳು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದರು. ಆ ದಿನ ಕಮಲೇಶ ಮಗಳಿಗೆ ದೊಡ್ಡ ಗ್ಲಾಸಿನಲ್ಲಿ ಗಡ್‌ಬಡ್ ಐಸ್‌ಕ್ರೀಂ ಕೊಡಿಸಿದ್ದ.

ಪಕ್ಕದ ಮನೆಯ ಐಸಮ್ಮ ಮೆಟ್ಟಿಲಲ್ಲಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಎಂತ ಕಮಲೇಶಾ, ಇವತ್ತು ಬೇಗ?"

"ಕರೆಂಟಿಲ್ಲ ಐಸಮ್ಮಕ್ಕ. ಇದೆಂತ, ಮಧ್ಯಾಹ್ನವೇ ಹಾಕಿದ್ದಾರೆ?"

"ಇವತ್ತು ಹೊಸತಾ ಮಾರಾಯ? ವಾರಕ್ಕೆ ಎರಡು ಸರ್ತಿ ಮಧ್ಯಾಹ್ನವೂ ಉಂಟಲ್ಲ, ಅದೂ ಇಡೀ ಓಣಿಗೆ ಕೇಳುವ ಹಾಗೆ. ಚಂದ ಉಂಟು ಅಂತ ನನ್ನ ಮಗ ನಿಯಾಝ್ ಹತ್ತಿರ ಹೇಳಿ ನಾನೂ ಮೊಬೈಲಿಗೆ ಹಾಕಿಸಿಕೊಂಡೆ." ಅವಳು ದನಿ ತಗ್ಗಿಸಿದಳು. "ನಿನ್ನ ತಂಗಿ ಜ್ಯೋತ್ಸ್ನಾಳನ್ನು ಕೇಳಿ ಬಂದಿದ್ದಾರಲ್ಲ, ಹುಡುಗನ ಮಾವ ಪ್ರೇಮನಾಥ ಅಂತೆ, ಮೊನ್ನೆ ನನ್ನ ಹತ್ತಿರ ವಿಚಾರಿಸಿದರು. ಮನೆಯವರು ಹೇಗೆ, ಜಗಳ ಉಂಟಾ, ಕಾಯಿಲೆ ಗೀಯಿಲೆ ಉಂಟಾ ಅಂತ. ನಾನು ಹೇಳಿದೆ, ಆ ಮನೆಯಿಂದ ಹೊರಗೆ ಬರುವುದು ಸಂಗೀತ ಮಾತ್ರ. ಮದುವೆ ಊಟಕ್ಕೆ ನನ್ನನ್ನು ಮರೆಯಬೇಡ ಮತ್ತೆ."

ಹುಡುಗಿಯ ಮುಖ ನೋಡುವ ಮೊದಲು ನೆರೆಮನೆಯ ಗೋಡೆಗೆ ಕಿವಿ ಕೊಡುವ ಜನ. ಕಮಲೇಶ ನಗಲಿಲ್ಲ. ಚಪ್ಪಲಿ ಬಿಡದೆ ಒಳಗೆ ಹೋದ.

ಕುಮುದಿನಿ ಒಳಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತಿದ್ದಳು. ಸೆರಗು ಬಾಯಲ್ಲಿತ್ತು. ಅವಳ ತಲೆಯ ಮೇಲೆ, ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು.

"ಯಶು ಎಲ್ಲಿ?"

"ಮಲಗಿದ್ದಾಳೆ."

"ಈ ಗದ್ದಲದಲ್ಲಿ?"

ಅವಳು ಏಳಲಿಲ್ಲ. ಪಿಯಾನೊ ಒಂದು ಕಡೆ ಸಣ್ಣಗಾಯಿತು. ಆ ಸಂದಿಯಲ್ಲಿ ಕಮಲೇಶನಿಗೆ ಬೇರೆ ಸದ್ದು ಕೇಳಿಸಿತು. ಒಳಗೆ ಏನೋ ಸಿಮೆಂಟು ನೆಲಕ್ಕೆ ಬಡಿಯುತ್ತಿತ್ತು, ಒಂದೇ ಸಮ. ಅವನು ಅಮ್ಮನ ರಟ್ಟೆ ಹಿಡಿದು ಆಚೆಗೆಳೆದು ಚಿಲಕ ತೆಗೆದ.

ಮಗು ಚಾಪೆಯಿಂದ ಜಾರಿ ಬಂದಿತ್ತು. ಕಣ್ಣುಗುಡ್ಡೆ ಮೇಲೆ ಹೋಗಿತ್ತು, ಬಾಯಲ್ಲಿ ನೊರೆ. ಬಲಗೈಗೆ ಅಮ್ಮ ಫಿಟ್ಸ್ ನಿಲ್ಲಲೆಂದು ಒತ್ತಿಟ್ಟಿದ್ದ ಕಬ್ಬಿಣದ ಬೀಗದ ಕೈ. ನೆಲಕ್ಕೆ ಬಡಿಯುತ್ತಿದ್ದದ್ದು ಹಿಮ್ಮಡಿ. ಹೊಸ ಶೂ ತಾಗಿ ಗಾಯವಾಗಿದೆ ಎಂದು ಅಮ್ಮ ಹೋದ ವಾರ ಎಣ್ಣೆ ಹಚ್ಚಿದ್ದ ಅದೇ ಹಿಮ್ಮಡಿ. ತಲೆಯ ಪಕ್ಕದಲ್ಲೇ ಸ್ಪೀಕರು ಕಿರುಚುತ್ತಿತ್ತು. ಕಮಲೇಶ ಅದನ್ನು ಕಾಲಿನಿಂದ ಒದ್ದ; ಪಿಯಾನೊ ನಿಂತಿತು. ಮಗುವನ್ನು ಪಕ್ಕಕ್ಕೆ ಹೊರಳಿಸಿ, ತನ್ನ ಅಂಗಿ ಬಿಚ್ಚಿ ತಲೆಯಡಿಗಿಟ್ಟು, ಅದುರುವುದು ನಿಲ್ಲುವವರೆಗೆ ಹಾಗೆಯೇ ಮಂಡಿಯೂರಿದ್ದ.

"ಎಷ್ಟು ಸರ್ತಿ ಅಮ್ಮ?"

"ಮೆಲ್ಲಗೆ ಮಾತಾಡು. ಗೋಡೆ ಒಂದೇ."

"ಎಷ್ಟು ಸರ್ತಿ ಅಂತ ಕೇಳಿದ್ದು."

"ಯಾವಾಗಲೂ ಊಟ ಆಗಿ ಮಲಗಿದ ಮೇಲೆ ಬರುವುದು. ಬರುವಾಗ ಒಂದು ಕೂಗು ಹಾಕ್ತಾಳಲ್ಲ ಮಗಾ, ಅದು ಆಚೆಗೆ ಕೇಳ್ತದೆ. ಬರುವ ಸೂಚನೆ ಕಂಡ ಕೂಡಲೇ ಪಿಯಾನೊ ಹಾಕಿ, ಅವಳನ್ನು ಮಲಗಿಸಿ, ಬೀಗದ ಕೈ ಕೊಟ್ಟು, ಯಾರೂ ನೋಡದ ಹಾಗೆ ಚಿಲಕ ಹಾಕುವುದು. ಜ್ಯೋತ್ಸ್ನಾಳಿಗೆ ಎರಡು ಸಂಬಂಧ ತಪ್ಪಿದ್ದು ಯಾಕೆ? ಮನೆತನದಲ್ಲಿ ಫಿಟ್ಸ್ ಉಂಟು ಅಂತ ಅಲ್ವಾ? ಇದೊಂದು ಆಗಿ ಹೋಗಲಿ ಅಂತ..."

"ಮತ್ತೆ ಪುಸ್ತಕ?"

"ಬರೆದಿಟ್ಟದ್ದು ಯಾರ ಕಣ್ಣಿಗಾದರೂ ಬಿದ್ದರೆ? ಅದು ಸುಮ್ಮನೆ ಒಂದು ಕ್ರಮಕ್ಕೆ ಅಂತ ಗ್ರಹಿಸಿದೆ."

"ಆ ಖಾಲಿ ಪುಸ್ತಕ ನೋಡಿ ಡಾಕ್ಟರು ಮಾತ್ರೆ ಅರ್ಧ ಮಾಡಿದ್ದು."

ಕುಮುದಿನಿಗೆ ಅದು ಹೊಳೆದೇ ಇರಲಿಲ್ಲ. ಬಗ್ಗಿ ಮಗುವಿನ ಬಾಯಿಯ ನೊರೆಯನ್ನು ಸೆರಗಿನಿಂದ ಒರೆಸಿದಳು.

ಕಮಲೇಶ ಡಾಕ್ಟರಿಗೆ ಫೋನ್ ಮಾಡಿದ. ತಕ್ಷಣ ಕರೆದುಕೊಂಡು ಬನ್ನಿ ಎಂದರು. ರಿಕ್ಷಾ ಕರೆಸಿ, ಮಗಳನ್ನು ಮಡಿಲಲ್ಲಿಟ್ಟುಕೊಂಡು ಹೊರಕೋಣೆಯ ಕುರ್ಚಿಯಲ್ಲಿ ಕಾದ. ಅವಳು ಕಣ್ಣು ಬಿಟ್ಟು ಅವನ ಗಡ್ಡ ಮುಟ್ಟಿ ನೋಡಿದಳು. "ಪಪ್ಪ, ಇವತ್ತು ರಜೆಯಾ?"

"ಹೌದು ಮಗ. ಇನ್ನು ಆ ಪಿಯಾನೊ ಬೇಡ. ಆಯ್ತಾ?"

ಅವಳು ತಲೆ ಆಡಿಸಿದಳು. ಅಷ್ಟರಲ್ಲಿ ಗೋಡೆಯ ಆಚೆ ಐಸಮ್ಮನ ಮೊಬೈಲಿನಲ್ಲಿ ಅದೇ ಪಿಯಾನೊ ಸುರುವಾಯಿತು, ಸಣ್ಣ ದನಿಯಲ್ಲಿ.

ಯಶ್ಮಿತಾ ಮಡಿಲಿನಿಂದ ಜಾರಿದಳು. ಕಾಲು ತೂರಾಡುತ್ತಿದ್ದರೂ ಯಾರನ್ನೂ ಹಿಡಿಯದೆ ಒಳಕೋಣೆಗೆ ನಡೆದು, ಚಾಪೆಯಲ್ಲಿ ಮಲಗಿ, ಬೀಗದ ಕೈಗಾಗಿ ಅಂಗೈ ಬಿಡಿಸಿಟ್ಟಳು.

"ಪಪ್ಪ," ಎಂದಳು, "ಚಿಲಕ ಹಾಕು."