ಬರ್ಫಿಗೆ ತಕ್ಕ ಮನೆ

ಒಳಗೆ ಬಂದು ಎರಡು ನಿಮಿಷವಾಗಿರಲಿಲ್ಲ, ಹಿರಿಯರು ಚರಣ್‌ನ ಫ್ರಿಜ್ಜಿನ ಬಾಗಿಲು ತೆಗೆದು ಬಗ್ಗಿ ನೋಡತೊಡಗಿದರು.

“ಕುಡಿಯೋ ಅಭ್ಯಾಸ ಇದೆಯಾ?”

“ಇಲ್ಲ.”

“ಆ ಬಾಟಲಿ?”

“ನೀರು ಸಾರ್.”

ಮುಚ್ಚಳ ತೆಗೆದು ಮೂಸಿ ನೋಡಿದ ಮೇಲೆಯೇ ನಂಬಿದರು.

ದೆಹಲಿಯ ಅಂಚಿಗಿರುವ ಇಂದಿರಾಪುರಂನ ಈ ಹನ್ನೊಂದನೇ ಮಹಡಿಗೆ ಅವರು ಹೇಳದೆ ಕೇಳದೆ ಬಂದಿದ್ದರು. ಕೈಯಲ್ಲಿ, ಅನಾಥ ನಾಯಿಗಳ ಶೆಲ್ಟರಿಗೆ ಚರಣ್ ತುಂಬಿಕೊಟ್ಟಿದ್ದ ದತ್ತು ಅರ್ಜಿಯ ಪ್ರತಿ. “ನಾಯಿ ವಿಚಾರ. ಮನೆ ನೋಡಬೇಕು,” ಅಂದಿದ್ದರು, ಅಚ್ಚ ಕನ್ನಡದಲ್ಲಿ. ಹೆಸರು ಕೇಳಿದರೆ, “ಪ್ರಶ್ನೆ ಕೇಳೋಕೆ ಬಂದಿರೋದು ನಾನು,” ಎಂದು ಬಾಯಿ ಮುಚ್ಚಿಸಿದ್ದರು. ದೆಹಲಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಹಿಗ್ಗುವ ಚರಣ್‌ಗೆ ಮೊದಲ ಸಲ ಹಿಗ್ಗು ಬರಲಿಲ್ಲ.

ಅವನು ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್, ಒಂಟಿ. ಮದುವೆಯಾಗದವರಿಗೆ ನಾಯಿ ಕೊಡುವುದಿಲ್ಲವೆಂದು ಎರಡು ಶೆಲ್ಟರಿನವರು ಸಾಗಹಾಕಿದ್ದರು. ಉಳಿದದ್ದು ಗ್ರೇಟರ್ ನೋಯ್ಡಾದ ಶೆಲ್ಟರ್. ಅಲ್ಲಿದ್ದಳು ಬರ್ಫಿ: ಅಪ್ಪಟ ತಳಿಯ ಪುಟ್ಟ ಪಗ್, ಒಂದು ಕಣ್ಣು ಹೋಯಿತೆಂದು ಮರಿ ಮಾರುವವರು ಬಿಸಾಡಿದ್ದು. ಮೊದಲ ದಿನವೇ ಅವಳು ಅವನ ಬೂಟಿನ ಮೇಲೆ ಗಲ್ಲವೂರಿ ಗೊರಕೆ ಹೊಡೆದಿದ್ದಳು. ಅಂದಿನಿಂದ ಸಂಜೆ ಖಾಲಿ ಮನೆಯ ಬೀಗ ತೆಗೆಯುವಾಗಲೆಲ್ಲ ಅವನಿಗೆ ಆ ಗೊರಕೆ ಬೇಕು, ಅದೇ ಬೇಕು ಅನಿಸುತ್ತಿತ್ತು.

ಆದರೆ ಅಲ್ಲಿ ದತ್ತು ಕೊಡುವ ಕೆಲಸ ನೋಡಿಕೊಳ್ಳುವ ಲಾವಣ್ಯಾ, ದೆಹಲಿಯಲ್ಲೇ ಬೆಳೆದ ಕನ್ನಡದ ಹುಡುಗಿ, ಸುಲಭಕ್ಕೆ ಜಗ್ಗುವವಳಲ್ಲ. ಅದೊಂದು ಫಾರಂ, ಇದೊಂದು ಸಹಿ ಎನ್ನುತ್ತ ಐದು ಭಾನುವಾರ ಓಡಾಡಿಸಿದ್ದಳು. ಈಗ ಹುಡುಕಿ ಹುಡುಕಿ ಕನ್ನಡದವರನ್ನೇ ತಪಾಸಣೆಗೆ ಅಟ್ಟಿದ್ದಾಳೆ.

ನಾಯಿ ಬೀಳದಿರಲೆಂದು ಬಾಲ್ಕನಿಗೆ ಹಾಕಿಸಿದ್ದ ಜಾಲರಿಯನ್ನು ಚರಣ್ ತೋರಿಸಿದ. ಹಿರಿಯರು ಅತ್ತ ಕಣ್ಣು ಹಾಯಿಸದೆ ಅಡುಗೆಮನೆಗೆ ನುಗ್ಗಿದರು.

“ಅಡುಗೆ ಯಾರು ಮಾಡೋದು?”

“ನಾನೇ.”

“ಸಾರು ಬರುತ್ತಾ?”

“ಪಗ್‌ಗೆ ಸಾರು ಹಾಕಲ್ಲ ಸಾರ್.”

“ಕೇಳಿದ್ದಕ್ಕೆ ಉತ್ತರ ಕೊಡಿ.”

“ಬರುತ್ತೆ.”

“ಊರಲ್ಲಿ ಅಪ್ಪ ಅಮ್ಮ ಏನಂತಾರೆ?”

“ಮನೆಗೆ ಇನ್ನೊಂದು ಜೀವ ಬರಲಿ ಅಂತಾರೆ.”

“ವರ್ಗ ಆದರೆ?”

“ಜೊತೆಗೇ ಕರಕೊಂಡು ಹೋಗ್ತೀನಿ.”

“ಹಿಂದೆ ಯಾರನ್ನಾದರೂ ಹಚ್ಚಿಕೊಂಡು ಅರ್ಧಕ್ಕೇ ಕೈಬಿಟ್ಟದ್ದುಂಟಾ?”

ಚರಣ್‌ಗೆ ಮೈಯೆಲ್ಲ ಉರಿಯಿತು. ನೌಕರಿಗೆ ಸೇರುವಾಗ ಪೊಲೀಸರೂ ಹೀಗೆ ಜಾಲಾಡಿರಲಿಲ್ಲ. ಕತ್ತು ಹಿಡಿದು ಹೊರಗೆ ದಬ್ಬಬೇಕೆನಿಸಿತು. ಒಂಟಿಗಣ್ಣಿನ ಬರ್ಫಿಯನ್ನು ನೆನೆದು ಹಲ್ಲು ಕಚ್ಚಿದ.

“ಯಾರನ್ನೂ ಕೈಬಿಟ್ಟಿಲ್ಲ.”

“ಸಿಟ್ಟು ಬರುತ್ತಾ?”

“ಈಗ ಬಂದಿದೆ.”

“ಬಂದರೆ ಏನು ಮಾಡ್ತೀರಿ?”

“ಕಾಫಿ ಮಾಡ್ತೀನಿ. ಕೂತ್ಕೊಳ್ಳಿ.”

ಹಿರಿಯರು ಕೂತರು. ಕಾಫಿಯನ್ನು ಕೊನೆಯ ಗುಟುಕಿನ ತನಕ ಕುಡಿದರು, ಒಳ್ಳೆಯ ಮಾತು ಮಾತ್ರ ಒಂದೂ ಆಡಲಿಲ್ಲ. ಅರ್ಜಿಯನ್ನು ಮಡಿಸಿ ಜೇಬಿಗಿಟ್ಟು ಚಪ್ಪಲಿ ಮೆಟ್ಟಿದರು.

“ನಿಜ ಹೇಳ್ತೀನಿ, ನನಗೆ ನಾಯಿ ಕಂಡರಾಗಲ್ಲ,” ಅಂದರು. “ಕೊಡೋದೋ ಬಿಡೋದೋ, ಯೋಚನೆ ಮಾಡಬೇಕು.”

ಲಿಫ್ಟಿನ ಬಾಗಿಲು ಮುಚ್ಚಿತು. ಕೈಗೆ ಬಂದ ಬರ್ಫಿ ಹೋದಳೆಂದೇ ಚರಣ್‌ಗೆ ಖಾತ್ರಿಯಾಯಿತು. ಮರುಕ್ಷಣ ಸಿಟ್ಟು ನೆತ್ತಿಗೇರಿ ಲಾವಣ್ಯಾಗೆ ಫೋನ್ ಮಾಡಿದ.

“ನಾಯಿ ಕಂಡರಾಗದವರನ್ನ ತಪಾಸಣೆಗೆ ಕಳಿಸ್ತೀರಲ್ಲ, ಏನ್ರೀ ಇದು? ಕೊಡಲ್ಲ ಅಂತಿದ್ದರೆ ಮುಖಕ್ಕೇ ಹೇಳಬಹುದಿತ್ತು.”

“ತಪಾಸಣೆಯಾ? ನಾವು ಯಾರ ಮನೆಗೂ ಯಾರನ್ನೂ ಕಳಿಸಲ್ಲ ಚರಣ್. ಬರ್ಫಿ ನಿಮಗೇ ಅಂತ ಮೊದಲನೇ ವಾರಾನೇ ಪಕ್ಕಾ ಆಗಿತ್ತು.”

“ಮತ್ತೆ ಐದು ವಾರ ನನ್ನನ್ನ ಯಾಕೆ ಓಡಾಡಿಸಿದ್ರಿ?”

ಅವಳು ಮಾತು ತಿರುಗಿಸಿದಳು. “ಅಚ್ಛಾ, ಬಂದವರು ಹೇಗಿದ್ದರು?”

“ಕಂದು ಸ್ವೆಟರ್, ಮೂಗಿನ ತುದಿಗೆ ಕನ್ನಡಕ, ಎಡಹುಬ್ಬಿನ ಮೇಲೆ ಹಳೇ ಗಾಯದ ಕಲೆ.”

“ಅದು ನಮ್ಮಪ್ಪ,” ಅಂದಳು ಲಾವಣ್ಯಾ ಮೆಲ್ಲಗೆ. “ಮದುವೆ ಅಂತಾದರೆ ಈ ಹುಡುಗನ್ನೇ ಅಂತ ನಿನ್ನೆ ಮನೇಲಿ ನಿಮ್ಮ ಅರ್ಜಿ ತೋರಿಸಿ ಹೇಳಿಬಿಟ್ಟೆ, ನಿಮ್ಮನ್ನ ಮಾತ್ರ ಇನ್ನೂ ಕೇಳಿರಲಿಲ್ಲ.”